ಬೀಸುವ ಕಲ್ಲು ಹೇರಿಕೊಂಡು ಗುಡ್ಡಕ್ಕೆ ಹೋದದ್ದು

ನಾನು ಚಿಂತೆ ಮಾಡುವ ಮನುಷ್ಯ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಹೆಮ್ಮೆಯಿಂದಲೂ ಅಲ್ಲ. ಕೆಲವರಿಗೆ ಮೂಗು ಸೊಟ್ಟಗಿರುತ್ತದಲ್ಲ, ಹಾಗೆ ನನಗೆ ಚಿಂತೆ. ಮೋಡ ಕಂಡರೆ ಮಾಳಿಗೆ ಸೋರೀತು ಎಂದು ಚಿಂತೆ, ಮೋಡ ಹೋದರೆ ಬೆಳೆ ಬಾಡೀತು ಎಂದು ಚಿಂತೆ. ಈಗ ನಲವತ್ತೈದು ದಾಟಿದ ಮೇಲೆ, ಚಿಂತೆಗೆ ಏನೂ ಸಿಗದ ದಿನ ಏನೋ ಮರೆತಿದ್ದೇನೆ ಎಂದು ಚಿಂತೆಯಾಗುತ್ತದೆ. ಇಂಥ ನಾನು, ನನಗಾದ ಒಂದು ದೊಡ್ಡ ಮೋಸದ ಬಗ್ಗೆ ಮಾತ್ರ ಮುಂಚಿತವಾಗಿ ಒಂದು ಗಳಿಗೆಯೂ ಚಿಂತಿಸಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಮೋಸ ನಡೆಯುತ್ತಿದ್ದ ದಿನಗಳಲ್ಲಿ ನಾನು ಎಂದೂ ಇಲ್ಲದಷ್ಟು ಖುಷಿಯಾಗಿದ್ದೆ.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯ ಮಗ್ಗುಲಿಗೆ ನಮ್ಮ ಊರು. ಆಗ ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ, ಸೀಮೆಎಣ್ಣೆ ಕೇಳಿದಷ್ಟು ಸಿಗುತ್ತಿತ್ತು. ಮನೆಯಲ್ಲಿ ಅವ್ವ, ಅಣ್ಣ, ವೈನಿ, ಅವರ ಸಣ್ಣ ಮಕ್ಕಳು, ನಾನು, ಮದುವೆಯಾಗಿ ವರ್ಷ ತುಂಬಿದ್ದ ನನ್ನ ಹೆಂಡತಿ. ಅಪ್ಪ ತೀರಿಕೊಂಡ ಮೇಲೆ ಯಜಮಾನಿಕೆ ಅಣ್ಣನದು, ದನಗಳ ಚಾಕರಿ ನನ್ನದು. ನಾನು ಉರ್ದು ಸಾಲೆಯಲ್ಲಿ ಒಂದಿಷ್ಟು ಓದಿದ್ದೆ. ಆ ವಿದ್ಯೆ ಎತ್ತುಗಳಿಗೆ ಯಾವ ಉಪಯೋಗಕ್ಕೂ ಬಿದ್ದಿರಲಿಲ್ಲ.

ಎತ್ತು ಎರಡಿದ್ದವು. ಬಲಕ್ಕೆ ಕಟ್ಟುವುದು ಕೆಂದ, ಸಂತೆಯಿಂದ ತಂದದ್ದು, ಸಾಧು. ಎಡಕ್ಕೆ ಕಟ್ಟುವುದು ಹಂಡ. ಮೈತುಂಬ ಕಪ್ಪು ಬಿಳಿ ಮಚ್ಚೆ, ಹಾಗಾಗಿ ಆ ಹೆಸರು. ಹಂಡ ಹುಟ್ಟಿ ವಾರ ತುಂಬುವುದರೊಳಗೆ ತಾಯಿ ಆಕಳು ಸತ್ತಿತ್ತು. ಬದುಕುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಕರುವಿಗೆ ನಾನು ಬಿದಿರಿನ ಗೊಟ್ಟದಲ್ಲಿ ಆಡಿನ ಹಾಲು, ಜೋಳದ ಗಂಜಿ ಹೊಯ್ದು ಸಾಕಿದೆ. ಬೆಳೆದು ಎತ್ತಾದ ಮೇಲೂ ಅದು ತನ್ನ ಮೂಗುದಾರಕ್ಕೆ ಬೇರೆಯವರ ಕೈ ತಾಗಗೊಡುತ್ತಿರಲಿಲ್ಲ. ಅಣ್ಣನನ್ನೇ ಎರಡು ಸಲ ಮೇವು ಹಾಕುವ ಗ್ವಾದಲಿಗೆ ಒತ್ತಿ ನಿಲ್ಲಿಸಿತ್ತು. ಹಿಂದಿನ ವರ್ಷ ಯಾರೋ ಕೊಳ್ಳಲು ಬಂದಾಗ ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕು ಮಂದಿಯ ಎದುರಿಗೆ ಹೇಳಿದ್ದ: “ಹಂಡ ನಮ್ಮ ತಮ್ಮಂದ್ರಿ. ಅವನ್ನ ಕೇಳದ ನಾ ಅದರ ಹಗ್ಗ ಬಿಚ್ಚಂಗಿಲ್ಲ.” ಆ ಮಾತನ್ನು ನಾನು ವರ್ಷವಿಡೀ ಎದೆಯಲ್ಲಿಟ್ಟುಕೊಂಡು ಅಡ್ಡಾಡಿದೆ.

ಸಜ್ಜೆಯ ರಾಶಿ ಮುಗಿದಿತ್ತು. ಹಿಂಗಾರಿ ಬಿತ್ತನೆಗೆ ಇನ್ನೂ ಬಿಡುವಿತ್ತು. ಮಳೆ ಹಿಂದಾಗಿ, ಬಿಸಿಲು ಹಿತವಾಗಿ, ಹೊಲದ ಬದುವಿನಲ್ಲಿ ಗುರೆಳ್ಳು ಹಳದಿ ಹೂ ಬಿಟ್ಟಿದ್ದ ಕಾಲ. ಒಂದು ದಿನ ಉಣ್ಣುತ್ತ ಕುಳಿತಾಗ ಅಣ್ಣ ಹೇಳಿದ.

“ಎಲ್ಲಾರೂ ಕೂಡಿ ಗುಡ್ಡಕ್ಕ ಹೋಗೂಣು. ಅಲ್ಲೇ ಝರಿ ಹಂತ್ಯಾಕ ನಾಕ ದಿನ ಇದ್ದು ಬರೂಣು.”

ಗುಡ್ಡವೆಂದರೆ ಕುಷ್ಟಗಿ ದಾಟಿ ಹನುಮಸಾಗರದ ಕಡೆ ಹೋದರೆ ಸಿಗುವ ಕೆಂಪು ಕಲ್ಲಿನ ಗುಡ್ಡಸಾಲು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಬಂಡೆಯ ಮೇಲಿಂದ ನೀರು ಬೀಳುತ್ತದೆ. ಅಪ್ಪ ಇದ್ದಾಗ ಒಮ್ಮೆ ಹೋಗಿದ್ದೆವು. ಅಪ್ಪ ಹೋದ ಮೇಲೆ ಅಣ್ಣ ನಮ್ಮನ್ನು ಸಂತೆಗೆ ಸಹ ಕರೆದುಕೊಂಡು ಹೋದವನಲ್ಲ. ನಾನು ರೊಟ್ಟಿ ಮುರಿಯುವುದನ್ನು ಬಿಟ್ಟು ಅವನ ಮುಖ ನೋಡಿದೆ.

“ಯಾಕಣ್ಣಾ, ಹರಕಿ ಗಿರಕಿ ಐತೇನು?”

“ಹರಕಿ ಇದ್ರಷ್ಟ ಹೋಗಬೇಕೇನು? ಅವ್ವಗ ವಯಸ್ಸಾತು, ಹುಡುಗರು ನೀರು ಬೀಳೂದು ನೋಡಿಲ್ಲ. ನೀನೂ ಒಂದೀಟು ಆರಾಮಿರು. ಮುಖ ನೋಡು, ಹ್ಯಾಂಗಾಗೇತಿ.”

ನನ್ನ ಮುಖ ಹೇಗಾಗಿದೆ ಎಂದು ಅಣ್ಣ ಗಮನಿಸಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂದಂತಾಗಿ, ಪುಂಡಿಪಲ್ಲೆ ಖಾರವಾಗಿದೆ ಎಂದುಬಿಟ್ಟೆ. ವೈನಿ ಮತ್ತೊಂದು ರೊಟ್ಟಿ ಹಾಕಿದಳು.

ಮರುದಿನದಿಂದ ನಾನು ಗಂಟು ಕಟ್ಟಲು ಶುರು ಮಾಡಿದೆ. ಮಳೆ ಬಂದರೆ ಎಂದು ತಾಡಪತ್ರಿ. ಅದು ಹರಿದರೆ ಎಂದು ಇನ್ನೊಂದು ತಾಡಪತ್ರಿ. ಕಂದೀಲು, ಕಂದೀಲು ಒಡೆದರೆ ಎಂದು ಪಣತಿಗಳು. ಚೇಳು ಕಡಿದರೆ ಹಚ್ಚುವ ಬೇರು, ಹಾವಿಗೆ ಬಡಿಗೆ, ಚಿರತೆಗೆ ಡಬ್ಬಿ ಮತ್ತು ಡಬ್ಬಿ ಬಾರಿಸಲು ಕೋಲು. ಅಲ್ಲಿಯ ನೀರು ಒಗ್ಗದಿದ್ದರೆ ಎಂದು ನಮ್ಮ ಬಾವಿಯ ನೀರು ತುಂಬಿದ ತಾಮ್ರದ ಹಂಡೆ. ಹಿಟ್ಟು ಒಯ್ದರೆ ಗುಡ್ಡದ ತಂಪಿಗೆ ಮುಗ್ಗೀತು ಎನಿಸಿ, ಜೋಳದ ಚೀಲವನ್ನೇ ಬಂಡಿಗೆ ಹಾಕಿದೆ. ಜೋಳ ಒಯ್ದ ಮೇಲೆ ಬೀಸಬೇಕಲ್ಲ. ಹಾಗಾಗಿ ಬೀಸುವ ಕಲ್ಲನ್ನು, ಮೇಲಿನದು ಕೆಳಗಿನದು ಎರಡನ್ನೂ, ಗೋಣಿತಟ್ಟಿನಲ್ಲಿ ಸುತ್ತಿ ಬಂಡಿಯ ನಡುವೆ ಇಟ್ಟೆ.

ಬೇರೆ ದಿನವಾಗಿದ್ದರೆ ಅಣ್ಣ ಅದನ್ನು ನೋಡಿ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಒಮ್ಮೆ ಕೊಪ್ಪಳಕ್ಕೆ ಹೋಗುವಾಗ ನಾನು ಎರಡನೆಯ ಕೊಡೆ ತೆಗೆದುಕೊಂಡಿದ್ದಕ್ಕೆ ದಾರಿಯುದ್ದಕ್ಕೂ ಬೈದವನು. ಈಗ ಬಂಡಿಯ ಸುತ್ತ ಒಂದು ಸುತ್ತು ಬಂದ, ಕಲ್ಲಿನ ಮೇಲೆ ಕೈಯಿಟ್ಟ.

“ಇದೇನಿದು?”

“ಬೀಸೋಕಲ್ಲು. ಹಿಟ್ಟು ಮುಗ್ಗಿದ್ರ ಅಂತ...”

“ಛಲೋ ಆತು. ಒಳ್ಳುನೂ ಹಾಕಿಬಿಡು. ಇನ್ನೂ ಏನರ ಬೇಕಂದ್ರ ತಗೋ, ಸಂಕೋಚ ಮಾಡಬ್ಯಾಡ.”

ನಾನು ಒರಳು ಕಲ್ಲನ್ನೂ ಹಾಕಿದೆ. ನಮ್ಮಣ್ಣ ಬದಲಾಗಿದ್ದಾನೆ, ನನ್ನ ಸ್ವಭಾವವನ್ನು ಕೊನೆಗೂ ಅರ್ಥ ಮಾಡಿಕೊಂಡಿದ್ದಾನೆ ಎಂದು ಹೆಂಡತಿಗೆ ಹೇಳಿದೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡು, “ಹೌದ್ರಿ,” ಎಂದಳು.

ಹೊರಡುವ ದಿನ ಅವ್ವ ಹಂಡನ ಹಣೆಗೆ ಕುಂಕುಮ ಹಚ್ಚಿ ಶೇಂಗಾ ಹೋಳಿಗೆ ತಿನ್ನಿಸುತ್ತಿದ್ದಳು. ಆಗ್ಗೆ ಹದಿನೈದು ದಿನದಿಂದ ಅವ್ವನದು ಅದೊಂದು ಹೊಸ ರೂಢಿ. ದಿನಾ ಮುಂಜಾನೆ ಸೆರಗಿನಲ್ಲಿ ಏನಾದರೂ ಸಿಹಿ ಕಟ್ಟಿಕೊಂಡು ಕೊಟ್ಟಿಗೆಗೆ ಬರುತ್ತಿದ್ದಳು. ಮೊದಮೊದಲು ಕೋಡು ಬೀಸುತ್ತಿದ್ದ ಹಂಡ ಆಮೇಲೆ ಅವಳ ಸೆರಗನ್ನೇ ಮೂಸತೊಡಗಿತ್ತು. ಹೊಟ್ಟೆ ಕೆಟ್ಟೀತು ಎಂದು ನಾನು ಚಿಂತೆ ಮಾಡಿದೆ. ಆ ಹೋಳಿಗೆಯಿಂದ ಏನೇನು ಕೆಟ್ಟೀತು ಎಂಬುದರಲ್ಲಿ ಎತ್ತಿನ ಹೊಟ್ಟೆ ತೀರ ಕೊನೆಯದು ಎಂದು ಆಗ ಹೊಳೆಯಲಿಲ್ಲ.

ಕುಷ್ಟಗಿಯಲ್ಲಿ ಬೀಗರ ಮನೆಯಲ್ಲಿ ಒಂದು ವಸ್ತಿ ಮಾಡಿ, ಮರುದಿನ ಗುಡ್ಡದ ಬುಡಕ್ಕೆ ಬಂದೆವು. ಅಲ್ಲಿಂದ ದಾರಿ ಏರು. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ: ದಿಬ್ಬ ಬಂದರೆ ಕೂಸು ಎತ್ತಿಕೊಂಡವರು ಸಹಿತ ಬಂಡಿಯಿಂದ ಇಳಿಯಬೇಕು, ಗಂಡಸರು ಗಾಲಿಗೆ ಕೈ ಕೊಡಬೇಕು. ಎತ್ತಿನ ಉಸಿರು ಕಟ್ಟಿಸಿ ಮೇಲೆ ಕೂರುವವರನ್ನು ಅಪ್ಪ ಮನುಷ್ಯರಲ್ಲಿ ಎಣಿಸುತ್ತಿರಲಿಲ್ಲ. ನಾನು ರೂಢಿಯಂತೆ ಜಿಗಿದು ಇಳಿದೆ.

“ಹತ್ತು ಮ್ಯಾಲ,” ಎಂದ ಅಣ್ಣ.

“ದಿಬ್ಬ ಐತಲ್ಲೋ ಅಣ್ಣಾ.”

“ನನಗೂ ಕಣ್ಣದಾವು. ಹತ್ತು ಅಂದೆ. ಯಾರೂ ಇಳೀಬ್ಯಾಡ್ರಿ, ಸುಮ್ಮನ ಕುಂದರ್ರಿ.”

ಅವ್ವ ಇಳಿಯಲಿಲ್ಲ. ಅಪ್ಪನ ಕಟ್ಟಳೆಯನ್ನು ನಮಗೆಲ್ಲ ಕಲಿಸಿದವಳೇ ಅವಳು. ಅವಳೇ ಕುಳಿತಿರುವಾಗ ನಾನೇನು ಹೇಳಲಿ ಎಂದು ಮತ್ತೆ ಹತ್ತಿದೆ. ಜಾಗವಿರಲಿಲ್ಲ. ಬೀಸುವ ಕಲ್ಲಿನ ಮೇಲೆ ಕುಳಿತೆ. ಹಂಡ ಕುತ್ತಿಗೆ ತಗ್ಗಿಸಿ ನೊಗಕ್ಕೆ ಹೆಗಲು ಕೊಟ್ಟಿತು. ಕೆಂದ ಎರಡು ಕಡೆ ಕಾಲು ಜಾರಿಸಿದರೂ ಹಂಡ ನಿಲ್ಲಲಿಲ್ಲ. ಅದರ ಪಕ್ಕೆಗಳು ತಿದಿಯಂತೆ ಆಡುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ದಿಬ್ಬದ ತುದಿಯಲ್ಲಿ ಬೇವಿನ ಗಿಡದ ನೆರಳಿಗೆ ಕೆಂಪು ರುಮಾಲಿನ ಒಬ್ಬ ಹಿರಿಯರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಬಂಡಿ ಹತ್ತಿರ ಬಂದಂತೆ ಎದ್ದು ನಿಂತು ಗಾಲಿ, ನೊಗ, ಎತ್ತಿನ ಮುಂಗಾಲು ಎಲ್ಲ ನೋಡಿದರು.

“ಎಲ್ಲಾ ಮಂದಿ ಮ್ಯಾಲೆ ಅದೀರಿ?”

“ಮನಿಮಂದೆಲ್ಲಾ ಅದೀವ್ರಿ,” ಎಂದ ಅಣ್ಣ.

“ಭಾಳ ಛಲೋ,” ಎಂದರು ಅವರು.

ಅವರು ಕಳ್ಳರಿರಬೇಕೆಂದು ನನಗೆ ಅನುಮಾನವಾಯಿತು. ಇಲ್ಲದಿದ್ದರೆ ಬಂಡಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಯಾಕೆ ಕೇಳಬೇಕು? ಮೇಲೆ ಮುಟ್ಟಿದ ಮೇಲೆ ನಾನು ತಾಮ್ರದ ಹಂಡೆಯನ್ನು ಮರದ ಬೇರಿಗೆ ಹಗ್ಗದಿಂದ ಬಿಗಿದು ಕಟ್ಟಿದೆ. ಎತ್ತುಗಳನ್ನು ಬಯಲಲ್ಲಿ ಮೇಯಲು ಉದ್ದ ಹಗ್ಗ ಬಿಟ್ಟು ಕಟ್ಟಿದೆ.

ಆ ಸಂಜೆ, ಮರುದಿನ ಇಡೀ ದಿನ, ನೆನೆಸಿಕೊಂಡರೆ ಈಗಲೂ ಸುಖವಾಗುತ್ತದೆ, ಅದೇ ನನಗೆ ಸಿಟ್ಟು. ಬಂಡೆಯ ಮೇಲಿಂದ ನೀರು ಸಣ್ಣಗೆ, ಜಡೆಯಂತೆ ಬೀಳುತ್ತಿತ್ತು. ಮಕ್ಕಳು ಅದರ ಕೆಳಗೆ ನಿಂತು ಕಿರುಚುತ್ತಿದ್ದವು. ಹೆಂಗಸರು ಮೂರು ಕಲ್ಲು ಹೂಡಿ ರೊಟ್ಟಿ ಬಡಿದರು. ಬಂಡೆಯ ಮಗ್ಗುಲಿಗೆ ತಾಡಪತ್ರಿ ಕಟ್ಟಿ ಮನೆ ಮಾಡಿದ್ದೆವು. ನನ್ನ ಎರಡನೆಯ ತಾಡಪತ್ರಿ ಹಾಸಲು ಬಂತು, ನಾನು ಅದನ್ನು ಎಲ್ಲರಿಗೂ ತೋರಿಸಿದೆ. ಗುಡ್ಡದ ತುಂಬ ಸೀತಾಫಲದ ಗಿಡಗಳು, ಕಾಯಿ ಕಣ್ಣು ಬಿಡುತ್ತಿದ್ದವು. ನನ್ನ ಹೆಂಡತಿ ಮೊದಲ ಬಾರಿಗೆ ಎಲ್ಲರೆದುರು ನನ್ನ ಪಕ್ಕದಲ್ಲಿ ಕುಳಿತು ಹಣ್ಣು ತಿಂದಳು. ಅಣ್ಣ ತಾನೇ ನನ್ನ ತಟ್ಟೆಗೆ ತುಪ್ಪ ಹಾಕಿದ. ಮನೆಯವರೆಲ್ಲ ನನ್ನ ಜೊತೆ ಎಷ್ಟು ಮೆತ್ತಗೆ ಮಾತಾಡುತ್ತಿದ್ದರೆಂದರೆ, ನನಗೇ ಏನೋ ಜಡ್ಡಾಗಿದೆ, ವೈದ್ಯರು ಇವರಿಗೆ ಹೇಳಿದ್ದಾರೆ, ಇವರು ಮುಚ್ಚಿಡುತ್ತಿದ್ದಾರೆ ಎಂದು ಕೂಡ ಒಮ್ಮೆ ಅನಿಸಿತು. ಮುಚ್ಚಿಡುತ್ತಿದ್ದಾರೆ ಎಂಬಷ್ಟು ಸರಿಯಿತ್ತು.

ಅದರ ಮರುದಿನ ಮುಂಜಾನೆ ಸೀತಾಫಲ ಕೀಳಲು ನಾನೊಬ್ಬನೇ ಬಂಡೆ ಹತ್ತಿದೆ. ಮೇಲಿಂದ ನೋಡಿದರೆ ಕೆಳಗೆ, ಎತ್ತು ಕಟ್ಟಿದ ಬಯಲಿನ ಅಂಚಿಗೆ, ಅಣ್ಣ ಮತ್ತು ಆ ಕೆಂಪು ರುಮಾಲಿನ ಹಿರಿಯರು ಎದುರುಬದುರು ಕುಳಿತಿದ್ದರು. ಇಬ್ಬರ ಬಲಗೈ ಮೇಲೆ ಅಣ್ಣನ ಹೆಗಲ ಮೇಲಿನ ವಲ್ಲಿ ಹೊದಿಸಿತ್ತು.

ನಮ್ಮ ಕಡೆ ಇದನ್ನು ನೋಡಿದ ಮೇಲೆ ಯಾರೂ ಏನೆಂದು ಕೇಳುವುದಿಲ್ಲ. ದನದ ವ್ಯಾಪಾರವನ್ನು ಬಾಯಿಬಿಟ್ಟು ಮಾಡುವುದಿಲ್ಲ. ವಲ್ಲಿಯ ಕೆಳಗೆ ಒಬ್ಬರು ಇನ್ನೊಬ್ಬರ ಬೆರಳು ಹಿಡಿದು ಅದುಮುತ್ತಾರೆ. ಯಾವ ಬೆರಳು, ಎಷ್ಟು ಗೆಣ್ಣು ಎಂಬುದರಲ್ಲೇ ಬೆಲೆ ನಡೆಯುತ್ತದೆ. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ನನಗೂ ಅಷ್ಟೇ ಕಂಡಿತು. ಬಟ್ಟೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೆಂದನನ್ನು ಮಾರುತ್ತಿರಬೇಕು ಎಂದುಕೊಂಡೆ. ಪಾಪ ಕೆಂದ, ಎಂದೂ ಅಂದುಕೊಂಡೆ. ಆಮೇಲೆ ಆ ಹಿರಿಯರು ಕೈ ಬಿಡಿಸಿಕೊಂಡು ಎದ್ದು, ತಮ್ಮ ಗಂಟಿನಿಂದ ಒಂದು ಹೊಸ ಹಗ್ಗ ತೆಗೆದು ಹಂಡ ನಿಂತ ಕಡೆ ನಡೆದರು. ಉಡಿಯಲ್ಲಿದ್ದ ಸೀತಾಫಲ ಎಲ್ಲಿ ಬಿದ್ದವೋ, ನಾನು ಹೇಗೆ ಇಳಿದೆನೋ ತಿಳಿಯದು.

“ಅಣ್ಣಾ, ಏನಿದು?”

ಅಣ್ಣ ವಲ್ಲಿಯನ್ನು ಮಡಿಚುತ್ತಿದ್ದ. “ಕುಂದರು. ಉಸರು ತಗೋ ಮೊದಲ.”

“ಹಂಡನ ಮಾರಿದಿ?”

“ಹೊಲ ಪಾಲಿಗೆ ಕೊಟ್ಟೀನಿ. ಗಂಗಾವತ್ಯಾಗ ಅಂಗಡಿ ಹಾಕೂದೈತಿ. ಅಂಗಡಿಗೆ ಎತ್ತು ಯಾಕ ಬೇಕು? ಕೆಂದ ಒಂದು ಇರತೈತಿ, ಅದನ್ನೂ ಮುಂದ ನೋಡಿದರಾತು.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಚಿಂತಿ ಮಾಡ್ತಿ.”

ಎಷ್ಟು ಸಹಜವಾಗಿ ಹೇಳಿದನೆಂದರೆ, ನನಗೇ ಒಂದು ಕ್ಷಣ ಹೌದೆನಿಸಿತು. ಇಷ್ಟು ವರ್ಷ ನಾನು ಎಲ್ಲರಿಗಾಗಿ ಚಿಂತೆ ಮಾಡಿದ್ದೆ. ಅದೇ ಚಿಂತೆಯನ್ನು ಮುಂದೊಡ್ಡಿ ಎಲ್ಲರೂ ನನ್ನನ್ನು ಆಚೆ ನಿಲ್ಲಿಸಿದ್ದರು.

ಹಿರಿಯರಿಗೆ ಮುಜುಗರವಾಯಿತು. “ತಮ್ಮಾರಿಗೆ ಗೊತ್ತಿಲ್ಲೇನ್ರಿ? ನನಗ ನೀವು ಎಲ್ಲಾರೂ ಒಪ್ಪ್ಯಾರ ಅಂದಿದ್ರಿ,” ಎಂದರು ಅಣ್ಣನಿಗೆ. ಆಮೇಲೆ ನನ್ನನ್ನು ಸಮಾಧಾನ ಮಾಡಲು ನೋಡಿದರು. “ಅಂಜಬ್ಯಾಡ ತಮ್ಮಾ. ನಾ ಗುಡ್ಡದಾಗ ಹಾಸುಗಲ್ಲು ಹೇರೋ ಮನಶ್ಯಾ. ಬಯಲಾಗ ಎಳಿಯೋ ಎತ್ತು ನನಗ ಕೆಲಸಿಲ್ಲ. ದಿಬ್ಬಾ ಏರೂದು ಕಣ್ಣಿಲೆ ನೋಡಬೇಕು, ತುಂಬಿದ ಬಂಡಿ ಇರಬೇಕು, ಯಾರೂ ಇಳೀಬಾರದು ಅಂದಿದ್ದೆ. ನಿಮ್ಮಣ್ಣಾರು ಮಾತಿನಂಗ ತಂದ್ರು. ಬೀಸೋಕಲ್ಲು ಸೈತ ಹೇರ್ಕೊಂಡು ಬಂದಿದ್ರಿ. ಅಷ್ಟಿದ್ರೂ ಮಣಕಾಲು ಊರಲಿಲ್ಲ ನೋಡು ನಿನ್ನ ಎತ್ತು. ಅದನ್ನ ನೋಡಿ ನಾ ಮತ್ತ ಹಿಂದ ಮುಂದ ನೋಡಲಿಲ್ಲ.”

ನಾವು ಗುಡ್ಡಕ್ಕೆ ಬಂದದ್ದು ನೀರು ನೋಡಲಿಕ್ಕಲ್ಲ. ಎತ್ತಿನ ಪರೀಕ್ಷೆಗೆ ಭಾರ ಬೇಕಿತ್ತು, ಆ ಭಾರ ನಾವು. ಅವ್ವ, ವೈನಿ, ಮಕ್ಕಳು, ನನ್ನ ಹೆಂಡತಿ, ನಾನು. ಸಾಲದ್ದಕ್ಕೆ ನಾನು ಹೇರಿದ ನೀರಿನ ಹಂಡೆ, ಜೋಳದ ಚೀಲ, ಬೀಸುವ ಕಲ್ಲು, ಒರಳು. ಅಣ್ಣ ಕೇಳಿದ್ದಕ್ಕಿಂತ ಹೆಚ್ಚು ತೂಕ ನಾನು ನನ್ನ ಕೈಯಾರೆ ತುಂಬಿ, ಅದರ ಮೇಲೆ ಹತ್ತಿ ಕುಳಿತಿದ್ದೆ.

“ನನ್ನ ಕೇಳದ ಹಗ್ಗ ಬಿಚ್ಚಂಗಿಲ್ಲ ಅಂದಿದ್ದಿ,” ಎಂದೆ.

“ಅದಕ್ಕ ಈಗ ಕೇಳಾಕತ್ತೀನಲ್ಲ,” ಎಂದ ಅಣ್ಣ. “ಬಿಚ್ಚು.”

ನಮ್ಮಲ್ಲಿ ಮಾರಿದ ದನದ ಜೊತೆ ಹಳೆಯ ಹಗ್ಗ ಕೊಡುವುದಿಲ್ಲ. ಕೊಳ್ಳುವವರು ಹೊಸ ಹಗ್ಗ ತರಬೇಕು, ಮಾರುವ ಮನೆಯವರು ಹಳೆಯದನ್ನು ಬಿಚ್ಚಿ ತಮ್ಮಲ್ಲಿ ಇಟ್ಟುಕೊಳ್ಳಬೇಕು. ಹಂಡನ ಹಗ್ಗಕ್ಕೆ ಕೈ ಹಚ್ಚಬಲ್ಲವನು ನಾನೊಬ್ಬ. ನಾನು ಬಿಚ್ಚದಿದ್ದರೆ ಈ ವ್ಯಾಪಾರ ಮುಂದೆ ಹೋಗುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಹುಟ್ಟಿದಂದಿನಿಂದ ಅಣ್ಣನಿಗೆ ಎದುರಾಡಿದವನಲ್ಲ.

“ನಾ ಬಿಚ್ಚಂಗಿಲ್ಲ.”

ಹೇಳಿ, ಅಲ್ಲೇ ಕಲ್ಲಿನ ಮೇಲೆ ಕೈ ಕಟ್ಟಿ ಕುಳಿತೆ. ಅಣ್ಣ ನನ್ನನ್ನು ನೋಡಿದ. ಸಿಟ್ಟಾಗಲಿಲ್ಲ. ಒಲೆಯ ಕಡೆ ತಿರುಗಿ, “ಯವ್ವಾ,” ಎಂದು ಕೂಗಿದ, ಊಟಕ್ಕೆ ನೀರು ಕೇಳುವವನ ಹಾಗೆ.

ಅವ್ವ ಬಂದಳು. ಸೆರಗಿನ ಗಂಟು ಬಿಚ್ಚಿ ಹೋಳಿಗೆ ತೆಗೆದಳು. ಹಂಡ ಕಿವಿ ನಿಮಿರಿಸಿತು. ಅವಳು ಒಂದು ಕೈಯಲ್ಲಿ ಹೋಳಿಗೆ ಹಿಡಿದು, ಇನ್ನೊಂದು ಕೈಯಿಂದ ಹಳೆಯ ಹಗ್ಗ ಬಿಚ್ಚಿದಳು. ಹೊಸದನ್ನು ಕಟ್ಟಿ, ಪದ್ಧತಿಯಂತೆ ಅದರ ತುದಿಯನ್ನು ಸೆರಗಿನಲ್ಲಿ ಹಿಡಿದು ಹಿರಿಯರ ಕೈಗೆ ಕೊಟ್ಟಳು. ಉಳಿದ ಹೋಳಿಗೆಯನ್ನೂ ಅವರಿಗೇ ಕೊಟ್ಟು, “ದಾರಿಯಾಗ ತೋರಿಸ್ಕೋಂತ ಹೋಗ್ರಿ, ಬರತೈತಿ,” ಎಂದಳು.

ಹದಿನೈದು ದಿನದ ಹೋಳಿಗೆ ಯಾಕೆಂದು ಆಗ ತಿಳಿಯಿತು.

“ಯವ್ವಾ, ನೀನೂ?” ಎಂದೆ.

ಅವಳು ಹಳೆಯ ಹಗ್ಗವನ್ನು ಸುತ್ತಿ ನನ್ನ ಪಕ್ಕದಲ್ಲಿಟ್ಟಳು. “ನಿಮ್ಮಪ್ಪ ಇದ್ದಿದ್ರ ಬ್ಯಾರೆ ಮಾತು ಆಗತಿತ್ತು. ಈಗ ನಿಮ್ಮಣ್ಣ ಯಜಮಾನ. ನಿನ್ನ ಕೈಲೆ ಬಿಚ್ಚಿಸಬಾರದು ಅಂತ ನಾ ಹಿಂಗ ಮಾಡಿದೆ,” ಎಂದಳು. ಅದು ಅವಳ ಪ್ರೀತಿ ಎಂದು ಈಗ ವಯಸ್ಸಾದ ಮೇಲೆ ಅರ್ಥವಾಗುತ್ತದೆ. ಅರ್ಥವಾಗುವುದೇ ಬೇರೆ, ಮರೆಯುವುದೇ ಬೇರೆ.

ಹಂಡ ಹೊರಟಿತು. ನಾನು ಕಾದೆ. ಬಯಲಿನ ತುದಿಯಲ್ಲಿ ನಿಲ್ಲುತ್ತದೆ, ಕೋಡು ಬೀಸುತ್ತದೆ, ನನ್ನನ್ನು ಹುಡುಕಿ ತಿರುಗುತ್ತದೆ ಎಂದು. ಗೊಟ್ಟದಲ್ಲಿ ಹಾಲು ಹೊಯ್ದವನು ನಾನು. ಅದು ಹಿರಿಯರ ಕೈಯನ್ನು ಮೂಸುತ್ತ, ಬಾಲ ಬೀಸುತ್ತ, ಬೇವಿನ ಗಿಡದ ಕಡೆಯ ತಿರುವಿನಲ್ಲಿ ಮರೆಯಾಯಿತು. ಒಮ್ಮೆಯೂ ತಿರುಗಲಿಲ್ಲ. ಮನೆಮಂದಿಯೆಲ್ಲ ಆ ಕಡೆಯಾದ ಮೇಲೆ ಎತ್ತೊಂದು ಈ ಕಡೆ ಯಾಕಿರಬೇಕು.

ಇನ್ನೊಂದು ದಿನ ಇರುವುದಿತ್ತು. ಆದರೂ ಆವತ್ತೇ ಗಂಟುಮೂಟೆ ಕಟ್ಟಿದೆವು. ಊರು ಮುಟ್ಟಲು ಹಿರಿಯರು ತಮ್ಮದೊಂದು ಮುದಿ ಎತ್ತನ್ನು ಕೊಟ್ಟು ಹೋಗಿದ್ದರು. ಕೆಂದನ ಎಡಕ್ಕೆ ಅದನ್ನು ಹೂಡಿದ ಅಣ್ಣ, ಇಳಿಜಾರಿನ ಬಾಯಿಗೆ ಬಂದು ಬಂಡಿ ನಿಲ್ಲಿಸಿದ.

“ಎಲ್ಲಾರೂ ಇಳೀರಿ. ಇದು ಮಂದೀದು ಎತ್ತು, ಮುಗ್ಗರಿಸಿದ್ರ ಕಷ್ಟ.”

ಎಲ್ಲರೂ ಇಳಿದರು. ಅವ್ವನೂ ಇಳಿದಳು. ಅಣ್ಣ ಬಂಡಿಯ ಒಳಗೆ ಇಣುಕಿ ನೋಡಿದ.

“ಈ ಬೀಸೋಕಲ್ಲು ಯಾಕ ಬೇಕಿತ್ತಪಾ? ಇಲ್ಲೇ ಬಿಟ್ಟು ಹೋಗೂಣು.”

“ಬಿಡಾಕ ಬರಂಗಿಲ್ಲ,” ಎಂದಳು ವೈನಿ. “ಹೊಸಾ ಕಲ್ಲು. ಮನಿಗೆ ಹೋಗಿ ಏನರಾಗ ಬೀಸೂದು?”

ಹಾಗಾಗಿ ಕಲ್ಲಿನ ಮೇಲುಭಾಗ ನಾನು ಹೊತ್ತೆ, ಕೆಳಭಾಗ ಅಣ್ಣ ಹೊತ್ತ. ಕೆಂದ ನನ್ನ ಮಾತನ್ನೂ ಕೇಳುತ್ತಿತ್ತು, ವೈನಿಯ ಮಾತನ್ನೂ ಕೇಳುತ್ತಿತ್ತು. ಅವಳೇ ಹಗ್ಗ ಹಿಡಿದು ಮುಂದೆ ನಡೆದಳು. ನನ್ನ ಹೆಂಡತಿ ನನ್ನ ಪಕ್ಕದಲ್ಲಿ ಬಂದಳು.

“ನಿನಗೂ ಗೊತ್ತಿತ್ತೇನು?” ಎಂದೆ.

ಅವಳು ಕಾಲ ಕೆಳಗಿನ ದಾರಿ ನೋಡುತ್ತ ಹೇಳಿದಳು. “ಹೋಳಿಗಿ ಮಾಡಿದಾಕಿನ ನಾನ್ರಿ.”

ಅವಳೊಂದಿಗೆ ಆ ಮೇಲೆ ಇಷ್ಟು ವರ್ಷ ಬಾಳಿದ್ದೇನೆ, ಚೆನ್ನಾಗಿಯೇ ಬಾಳಿದ್ದೇನೆ. ಆದರೆ ಅವಳು ಹಬ್ಬವಿಲ್ಲದ ದಿನ ಸಿಹಿ ಮಾಡಿದರೆ ಇವತ್ತಿಗೂ ನಾನು ಮೊದಲು ಕೇಳುವುದು, ಯಾಕೆ ಎಂದು.

ದಿಬ್ಬದ ನಡುವೆ ಅಣ್ಣ ನಿಂತು ಹೆಗಲು ಬದಲಿಸಿದ. ಬೆವರು ಒರೆಸಿಕೊಂಡು ನನ್ನ ಕಡೆ ನೋಡಿದ. “ಭಾರ ಐತೇನು?” ಎಂದು ಕೇಳಿದ. ಮಾತಾಡಿಸಬೇಕೆಂದು ಕೇಳಿದ್ದು. ನಾನು ಮುಂದೆ ನಡೆದೆ. ಭಾರವಿತ್ತು. ಕುತ್ತಿಗೆಯ ನರ ಬಿಗಿದು, ಮೊಣಕಾಲು ನಡುಗುತ್ತಿತ್ತು, ಅದೂ ಇಳಿಜಾರಿನಲ್ಲಿ, ಅದೂ ಅರ್ಧ ಕಲ್ಲು. ಬರುವಾಗ ಇಡೀ ಕಲ್ಲಿನ ಮೇಲೆ ನಾನು ಕುಳಿತಿದ್ದೆ.